ಡಬ್ಬಿ ಬಿಚ್ಚಬೇಡಿ ಅಂಕಲ್!

ಭಾನುವಾರ ಇಂದಿರಾನಗರದಲ್ಲಿ ಗೊಂಬೆ ಸಂಗ್ರಹಿಸುವವರ ಸಣ್ಣ ಕೂಟವೊಂದಕ್ಕೆ ಹೋಗಿದ್ದೆ. ತಲೆಬಿಸಿ ಇನ್ನೂ ಇಳಿದಿಲ್ಲ. ನನ್ನ ರಾಕ್ ಹುಚ್ಚು ಗೊತ್ತಿರುವವರು ಸ್ವಲ್ಪ ಸಹಿಸಿಕೊಳ್ಳಿ.

ಒಬ್ಬ ಹುಡುಗ ಮೆಟಾಲಿಕಾ ಅನ್ನೋ ರಾಕ್ ಬ್ಯಾಂಡಿನವರ ಗೊಂಬೆ ಸೆಟ್ ತಂದಿದ್ದ. 2001ರಲ್ಲಿ ಮೆಕ್‌ಫಾರ್ಲೇನ್ ಕಂಪನಿ ಮಾಡಿದ್ದು, ಸೀಲ್ ಒಡೆದಿಲ್ಲ. ಆಸೆಯಿಂದ ಕೈಗೆ ತಗೊಂಡೆ. ‘ಮೂಲೆ ಹಿಡೀಬೇಡಿ ಅಂಕಲ್, ಡಬ್ಬಿ ಮಡಚಿದ್ರೆ ರೇಟ್ ಹೋಗುತ್ತೆ’ ಅಂದ. ಅಂಕಲ್ ಅಂದಿದ್ದು ಬಿಡಿ, ನುಂಗಿಕೊಂಡೆ. ಬೇಸ್ ಗಿಟಾರ್ ಹಿಡಿದು ನಿಂತಿರೋನು ಯಾರಪ್ಪ ಅಂತ ಕೇಳಿದೆ. ಮೊಬೈಲ್ ನೋಡಿ ‘ಟ್ರುಹಿಯೊ’ ಅಂದ. ರಾಮಾ! ಅದು ಜೇಸನ್ ನ್ಯೂಸ್ಟೆಡ್. ಆ ವರ್ಷ ಜನವರಿಯಲ್ಲೇ ಬ್ಯಾಂಡ್ ಬಿಟ್ಟ ಮನುಷ್ಯ, ಡಬ್ಬಿಯೊಳಗೆ ಮಾತ್ರ ಖಾಯಂ ನೌಕರಿ. ಅವನ ಜಾಗಕ್ಕೆ ಆಮೇಲೆ ಬಂದ ಟ್ರುಹಿಯೊನನ್ನು 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದ ಮೆಟಾಲಿಕಾ ಶೋನಲ್ಲಿ ಕಣ್ಣಾರೆ ಕಂಡವನು ನಾನು. ಯಾವ ಹಾಡು ಇಷ್ಟ ಅಂತ ಆ ಹುಡುಗನನ್ನು ಕೇಳಿದ್ದಕ್ಕೆ, ‘ಹಾಡೆಲ್ಲ ಕೇಳಲ್ಲ, ಇದು ಇನ್ವೆಸ್ಟ್‌ಮೆಂಟ್’ ಅಂದುಬಿಟ್ಟ.

ಇನ್ವೆಸ್ಟ್‌ಮೆಂಟ್ ಅಂತೆ.

ಸರಿ, ಅವನ ಲೆಕ್ಕದಲ್ಲೇ ಮಾತಾಡೋಣ. 1978ರಲ್ಲಿ ಮೀಗೋ ಕಂಪನಿ ಕಿಸ್ ಬ್ಯಾಂಡಿನ ನಾಲ್ವರ ಗೊಂಬೆ ಮಾಡಿತು. ಒಂದಡಿ ಎತ್ತರ, ಬಟ್ಟೆಯ ಉಡುಪು, ಬಾಚಬಹುದಾದ ಕೂದಲು. ಡಬ್ಬಿ ಸಮೇತ ಸಿಕ್ಕರೆ ಇವತ್ತು ಒಳ್ಳೇ ಬೆಲೆ. ಯಾಕೆ? ಅವತ್ತಿನ ಮಕ್ಕಳು ಡಬ್ಬಿ ಹರಿದು ಬಿಸಾಕಿದರು, ಕೂದಲು ಕತ್ತರಿಸಿದರು, ಬೂಟು ಕಳೆದರು. ಆಡಿದ್ದಕ್ಕೇ ಅಪರೂಪವಾಯಿತು. ಈಗ ಕೊಂಡವರೆಲ್ಲ ಸೀಲ್ ಒಡೆಯದೆ ಬೀರುವಿನಲ್ಲಿ ಬಚ್ಚಿಟ್ಟರೆ, ಇಪ್ಪತ್ತು ವರ್ಷ ಆದಮೇಲೆ ಎಲ್ಲರ ಹತ್ತಿರವೂ ಸೀಲ್ ಒಡೆಯದ್ದೇ ಇರುತ್ತೆ. ಆಗ ಯಾರು ಯಾರಿಗೆ ಮಾರ್ತಾರೆ ಸ್ವಾಮಿ?

ಇಲ್ಲಿನ ರೇಟ್ ಏರಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ ಹಾರಿತು, 2023ರಲ್ಲಿ 70 ಆಯಿತು. ಹೊರಗಿನಿಂದ ತರಿಸೋದು ದುಬಾರಿ, ಹಾಗಾಗಿ ಊರಲ್ಲಿ ಇರೋದಕ್ಕೇ ಬಾಯಿಗೆ ಬಂದ ಬೆಲೆ.

ನನಗೆ ನಿಜವಾಗಿ ಉರಿದದ್ದು ಬೇರೆ. 2025ರ ಜುಲೈ 22ಕ್ಕೆ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಾಯಕ ಓಜಿ ಆಸ್‌ಬಾರ್ನ್ ತೀರಿಹೋದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದ ಮೇಲೆ ಕೂತು ಕೊನೇ ಸಲ ಹಾಡಿ ಮೂರು ವಾರವೂ ಆಗಿರಲಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಅಳುತ್ತಾ ಕೂತಿದ್ದೆ. ಹೌದು, ಅತ್ತುಬಿಟ್ಟೆ, ನಗಬೇಡಿ. ಅಷ್ಟರಲ್ಲಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಓಜಿ ಗೊಂಬೆಗೆ ಹೊಸ ರೇಟ್ ಬಂದಿತ್ತು. ಅದೇ ಅಕ್ಟೋಬರ್‌ನಲ್ಲಿ ಕಿಸ್‌ನ ಗಿಟಾರಿಸ್ಟ್ ಏಸ್ ಫ್ರೇಲಿ ಹೋದಾಗಲೂ ಅದೇ ಕಥೆ. ಹೆಣ ಎತ್ತುವ ಮೊದಲೇ ಹರಾಜು. ಕೆಳಗೆ ಒಂದು ‘ಆರ್‌ಐಪಿ’, ಪಕ್ಕದಲ್ಲಿ ಕೈಮುಗಿಯೋ ಇಮೋಜಿ, ಅದರ ಪಕ್ಕ ‘ಬೆಲೆ ಫಿಕ್ಸೆಡ್’.

‘ಅವರ ದುಡ್ಡು, ಅವರಿಷ್ಟ. ಇಂಥವರಿಂದಲೇ ಹಳೇ ಗೊಂಬೆಗಳು ಗುಜರಿ ಸೇರದೆ ಉಳಿದಿವೆ’ ಅಂತ ಗೆಳೆಯನೊಬ್ಬ ವಾದ ಮಾಡಿದ. ಉಳಿದಿವೆ, ಇಲ್ಲ ಅನ್ನಲ್ಲ. ಹೇಗೆ ಉಳಿದಿವೆ ಅಂತ ಹೋಗಿ ನೋಡಪ್ಪ. ಮುಚ್ಚಿಟ್ಟ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ ವರ್ಷ ಕಳೆದಂತೆ ಹಳದಿ ತಿರುಗುತ್ತೆ. ಗಾಳಿಯಾಡದೆ ಒಳಗಿನ ಪಿವಿಸಿ ಗೊಂಬೆ ಬೆವೆತಂತೆ ಜಿಡ್ಡು ಬಿಟ್ಟು ಅಂಟಂಟಾಗುತ್ತೆ. ಮುಟ್ಟದೆ ಕಾಪಾಡಿದ್ದು ಅದನ್ನೇ. ನನಗೆ ಹೊಟ್ಟೆಕಿಚ್ಚು ಅಂತಲೂ ಅಂದ. ಇದೆ, ಆ ಸೆಟ್ ಕೊಳ್ಳೋ ಶಕ್ತಿ ನನಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಮ್ಮನೇಲಿ ಎಸಿ/ಡಿಸಿ ಬ್ಯಾಂಡಿನ ಗಿಟಾರಿಸ್ಟ್ ಆಂಗಸ್ ಯಂಗ್‌ನ ಗೊಂಬೆ ಡಬ್ಬಿ ಬಿಟ್ಟು ಎಷ್ಟೋ ವರ್ಷ ಆಯ್ತು. ದಸರಾದಲ್ಲಿ ಅಮ್ಮ ಅವನನ್ನೂ ಮೆಟ್ಟಿಲ ಮೇಲೆ ಕೂರಿಸುತ್ತಾರೆ, ಶೆಟ್ಟರ ಅಂಗಡಿ ಗೊಂಬೆಗಳ ಮುಂದೆ. ಚಡ್ಡಿ, ಟೈ, ಟೋಪಿ ಹಾಕಿದ್ದಾನಲ್ಲ, ಶಾಲೆ ಬಿಟ್ಟು ಸಾಮಾನು ತರಕ್ಕೆ ಬಂದ ಹುಡುಗ ಅಂತ ಅವರ ಲೆಕ್ಕ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ‘ಯಾರಿದು, ಮುದ್ದಾಗಿದ್ದಾನೆ’ ಅಂತ ಕೇಳ್ತಾರೆ. ರೇಟ್ ಎಷ್ಟು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಅಂದಹಾಗೆ, ಈ ಸಲ ನೆಂಟರ ಮಕ್ಕಳ ಗಲಾಟೆಯಲ್ಲಿ ಅವನ ಗಿಟಾರ್ ಕಳೆದುಹೋಗಿದೆ. ಯಾರ ಹತ್ತಿರವಾದರೂ ಬಿಡಿ ಗಿಟಾರ್ ಇದ್ದರೆ ಮೆಸೇಜ್ ಮಾಡಿ. ಗೀರು ಬಿದ್ದಿದ್ದರೂ ಪರವಾಗಿಲ್ಲ. ಡಬ್ಬಿ ನೀವೇ ಇಟ್ಟುಕೊಳ್ಳಿ.