ಎಡೆ ಬಡಿಸುವ ಕೈ ಯಾರದು ಎಂದು ಕೇಳುವ ಸಿನಿಮಾಗಳು

ಸಂಪ್ರದಾಯದ ಸಿನಿಮಾ ಎಂದರೆ ಇತ್ತೀಚೆಗೆ ಕಣ್ಣಿಗೆ ಬರುವುದು ಮಂಜು ಮುಸುಕಿದ ಕಾಡಿನ ಮೇಲೆ ಹಾರುವ ಡ್ರೋನ್, ಉರಿಯುವ ಪಂಜು, ಎದೆ ನಡುಗಿಸುವ ಚೆಂಡೆ. ಆಗುಂಬೆಯ ಮಳೆ, ಕೊಡಚಾದ್ರಿಯ ನೆತ್ತಿ, ಹಂಚಿನ ಮನೆ ಎಲ್ಲವೂ ತೆರೆಯ ಮೇಲೆ ಚಂದವಾಗಿಯೇ ಬರುತ್ತವೆ. ಆದರೆ ಆ ಹಂಚಿನ ಮನೆಯೊಳಗೆ ಬೆಳಗಿನ ಜಾವ ಎದ್ದು ಬಚ್ಚಲೊಲೆಗೆ ಉರಿ ಹಾಕಿದವರು ಯಾರು, ಶ್ರಾದ್ಧದ ದಿನ ಮಡಿಯಲ್ಲಿ ಅಡಿಗೆ ಮಾಡಿ, ಎಲ್ಲರ ಊಟವಾದ ಮೇಲೆ ಇಳಿಹೊತ್ತಿನಲ್ಲಿ ಉಂಡವರು ಯಾರು ಎಂಬುದು ಅಂಥ ಚಿತ್ರಗಳಿಗೆ ಬೇಡದ ವಿಚಾರ. ಕಡಿಮೆ ಹಣದಲ್ಲಿ, ತಾರೆಯರ ಹಂಗಿಲ್ಲದೆ, ಏಷ್ಯಾದ ಬೇರೆ ಬೇರೆ ಮೂಲೆಗಳವರು ತಮ್ಮ ಮನೆಮಂದಿಯನ್ನು ಕುರಿತು ಮಾಡುವ ಸ್ವತಂತ್ರ ಸಿನಿಮಾಗಳು ನನಗೆ ಹತ್ತಿರವಾಗುವುದು ಈ ಕಾರಣಕ್ಕೆ: ಅವುಗಳಲ್ಲಿ ಒಳ್ಳೆಯವು ಈ ಪ್ರಶ್ನೆಯನ್ನು ಬಿಟ್ಟುಕೊಡುವುದಿಲ್ಲ. ಸಂಪ್ರದಾಯವನ್ನು ಅವು ಪೂಜಿಸುವುದೂ ಇಲ್ಲ, ಬೈದು ಕೈತೊಳೆದುಕೊಳ್ಳುವುದೂ ಇಲ್ಲ. ಅದು ಯಾರೋ ಒಬ್ಬರ ದಿನನಿತ್ಯದ ದುಡಿಮೆ ಎಂಬುದನ್ನು ಮರೆಯದೆ ನೋಡುತ್ತವೆ.

ಶಿವಮೊಗ್ಗ ಜಿಲ್ಲೆಯವರಿಗೆ ಇದು ಹೊಸ ಮಾತಾಗಬಾರದು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರು ಅದೇ ನೆಲದ ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆಯಿತು. ಹಾಳಾಗುತ್ತಿದ್ದ ಅದರ ಪ್ರತಿಯನ್ನು ಸಂಸ್ಕರಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಲಾಯಿತು. ವೇದಪಾಠಶಾಲೆಯಲ್ಲಿ ಅಮ್ಮನನ್ನು ನೆನೆದು ಅಳುವ ಪುಟ್ಟ ನಾಣಿಯನ್ನು ಮನೆಯ ಮಗುವಿನಂತೆ ನೋಡಿಕೊಳ್ಳುವವಳು ಯಮುನಕ್ಕ. ಗರ್ಭಿಣಿಯಾದ ವಿಧವೆಯೆಂಬ ಕಾರಣಕ್ಕೆ, ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡು ಊರಾಚೆ ತಲೆ ಬೋಳಿಸಿಕೊಂಡು ಕೂರುವವಳೂ ಅವಳೇ. ಅವಳ ತಂದೆ ಉಡುಪರಾದರೋ ಮುಪ್ಪಿನಲ್ಲಿ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟ ನಿರ್ದೇಶಕರು ಮಧ್ಯೆ ಬಂದು ಭಾಷಣ ಮಾಡುವುದಿಲ್ಲ.

ನಾ. ಡಿಸೋಜರ ಕಾದಂಬರಿಯಿಂದ ಬಂದ, 2002ರ ‘ದ್ವೀಪ’ದ ಮೇಲೆ ನನಗೆ ಇನ್ನೂ ಹೆಚ್ಚಿನ ಒಲವಿದೆ. ಶರಾವತಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇರುವುದರಿಂದ ಆ ಕಥೆಯನ್ನು ಮುಳುಗಡೆಯ ಕಥೆಯೆಂದೇ ಇಲ್ಲಿ ಓದುತ್ತಾರೆ, ನೋಡುತ್ತಾರೆ; ಅದು ಸರಿಯೂ ಹೌದು. ಆದರೆ ನೀರು ಏರುತ್ತಿರುವಾಗ ಮನೆಯನ್ನು, ದನವನ್ನು, ಗಂಡನನ್ನು ಹಿಡಿದು ನಿಲ್ಲಿಸಿದ ನಾಗಿಯ ಪಾಡನ್ನು ಗಮನಿಸಿ. ಮಳೆ ಇಳಿದು ಜೀವ ಉಳಿದ ಮೇಲೆ ಅವಳ ಗಂಡ ಗಣಪ ಅದೆಲ್ಲ ದೈವದ ಕೃಪೆ ಎಂದು ಹೇಳಿಬಿಡುತ್ತಾನೆ. ಅವನೇನೂ ಕೆಟ್ಟವನಲ್ಲ, ಅವನ ಭಕ್ತಿಯೂ ಸುಳ್ಳಲ್ಲ. ಆದರೂ ಒಬ್ಬ ಹೆಂಗಸಿನ ಇಡೀ ಮಳೆಗಾಲದ ದುಡಿಮೆ ಆ ಒಂದು ಮಾತಿನಲ್ಲಿ ಲೆಕ್ಕದಿಂದ ಹೊರಗೆ ಹೋಗುತ್ತದೆ. ಸೌಂದರ್ಯ ಅವರು ಆ ಪಾತ್ರವನ್ನು ಮಾಡಿದ್ದಲ್ಲದೆ ಚಿತ್ರಕ್ಕೆ ಹಣವನ್ನೂ ಹಾಕಿದ್ದರು ಎಂಬುದನ್ನು ಇಂದಿನ ತಾರೆಯರಿಗೆ ಯಾರಾದರೂ ನೆನಪಿಸಬೇಕು.

ನಮ್ಮ ಕಡೆಯ ಪ್ರೇಕ್ಷಕರಿಗೆ ಇಂಥ ಚಿತ್ರಗಳು ಅರ್ಥವಾಗುವುದಿಲ್ಲ ಎಂಬ ಮಾತನ್ನು ವಿತರಕರಿಂದಲೂ, ಕೆಲವೊಮ್ಮೆ ಓದಿಕೊಂಡ ಗೆಳೆಯರಿಂದಲೂ ಕೇಳುತ್ತಿರುತ್ತೇನೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಪುಣೆಯ ಸಿನಿಮಾ ತಜ್ಞರಾದ ಸತೀಶ್ ಬಹಾದೂರ್, ಪಿ.ಕೆ. ನಾಯರ್ ಅವರ ನೆರವಿನಿಂದ ಸತ್ಯಜಿತ್ ರಾಯ್ ಮತ್ತು ಜಪಾನಿನ ಕುರೋಸಾವಾರ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದೆ ತೋರಿಸಿದ್ದನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ, ಹುಡುಗ ಅಪೂವಿನ ಮನೆಯಲ್ಲಿ ಮುದುಕಿ ಇಂದಿರಾಳಿಗೂ ಅವನ ತಾಯಿ ಸರ್ವಜಯಾಳಿಗೂ ನಡೆಯುವ ಜಗಳ ಬಂಗಾಳದ್ದು ಎಂದು ಇಲ್ಲಿನ ಯಾವ ಸೊಸೆಗೆ ಅನಿಸೀತು?

ನನ್ನ ಅತ್ತೆ ಸಾಗರದ ಕಡೆಯವರು. ಸಿನಿಮಾ ನೋಡುವುದರಲ್ಲಿ ಅವರಷ್ಟು ನಿಷ್ಠುರವಾದ ವಿಮರ್ಶಕರನ್ನು ನಾನು ಕಂಡಿಲ್ಲ. ಒಲೆಯ ಮುಂದೆ ಕೂತ ನಟಿಯ ಸೆರಗು ತಪ್ಪಾಗಿದ್ದರೂ ಆ ಚಿತ್ರಕ್ಕೆ ಅವರಲ್ಲಿ ಕ್ಷಮೆಯಿಲ್ಲ. ಅವರಿಗೆ ಮಲಯಾಳದ ‘ದ ಗ್ರೇಟ್ ಇಂಡಿಯನ್ ಕಿಚನ್’ ತೋರಿಸಿದೆ. ದೊಡ್ಡ ವೇದಿಕೆಗಳು ಮೊದಲಿಗೆ ಬೇಡವೆಂದಿದ್ದರಿಂದ 2021ರ ಜನವರಿಯಲ್ಲಿ ಸಣ್ಣದೊಂದು ವೇದಿಕೆಯಲ್ಲಿ ಬಿಡುಗಡೆಯಾಗಿ ಬಾಯಿಂದ ಬಾಯಿಗೆ ಹರಡಿದ ಚಿತ್ರವದು. ಅನ್ನ ಕುಕ್ಕರಿನಲ್ಲಿ ಬೇಡ, ಸೌದೆ ಒಲೆಯಲ್ಲೇ ಆಗಬೇಕು. ಚಟ್ನಿ ಕಲ್ಲಿನಲ್ಲೇ ಅರೆಯಬೇಕು. ಬಟ್ಟೆ ಮಶಿನ್ನಿಗೆ ಹಾಕಬಾರದು ಎಂದು ಮೆಲುದನಿಯಲ್ಲೇ ಹೇಳುವ ಮಾವ, ಸೋರುವ ಸಿಂಕಿಗೆ ಪ್ಲಂಬರನ್ನು ಕರೆಯುತ್ತೇನೆಂದು ಹೇಳಿ ಮರೆಯುತ್ತಲೇ ಇರುವ ಗಂಡ. ಅತ್ತೆ ಕೊನೆಯವರೆಗೂ ಸುಮ್ಮನೆ ನೋಡಿ, ‘ತಮಾ, ಆ ಪೈಪು ಸೋರದು ಮಾತ್ರ ನಮ್ಮನೆ ಕಥೆನೇಯ’ ಎಂದರು. ಕೊನೆಯಲ್ಲಿ ಸೊಸೆ ಮನೆ ಬಿಟ್ಟು ನಡೆದದ್ದರ ಬಗ್ಗೆ ಏನೂ ಹೇಳಲಿಲ್ಲ. ನನಗೆ ಆ ಚಿತ್ರದ ಗಂಡಸರು ತೀರಾ ಒಂದೇ ಬಣ್ಣದಲ್ಲಿದ್ದಾರೆ ಎನ್ನಿಸಿತು. ಆದರೆ ನಲವತ್ತು ವರ್ಷ ಅಡಿಗೆಮನೆಯಲ್ಲಿ ಕಳೆದವರು ಆ ಆಕ್ಷೇಪವನ್ನು ಎತ್ತಲಿಲ್ಲವೆಂಬುದನ್ನೂ ನಾನು ಇಲ್ಲಿ ದಾಖಲಿಸಬೇಕು.

ಮನೆಯ ದುಡಿಮೆಯೆಂದರೆ ಬರೀ ಪಾತ್ರೆ, ಒಲೆ ಅಲ್ಲ. ಸುಳ್ಳನ್ನು ಹೊತ್ತುಕೊಂಡು ನಗುತ್ತಿರುವುದೂ ಒಂದು ದುಡಿಮೆಯೇ. ಲುಲು ವಾಂಗ್ ಅವರ ‘ದ ಫೇರ್‌ವೆಲ್’ (2019) ಇದನ್ನು ತೋರಿಸಿದಷ್ಟು ನವಿರಾಗಿ ಬೇರೆ ಚಿತ್ರ ತೋರಿಸಿದ್ದನ್ನು ನಾನರಿಯೆ. ಚೀನಾದ ಚಾಂಗ್‌ಚುನ್ ನಗರದ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್. ಅದನ್ನು ಅವಳಿಗೆ ತಿಳಿಸದೆ, ಅಮೆರಿಕದಿಂದಲೂ ಜಪಾನಿನಿಂದಲೂ ಮಕ್ಕಳು ಮೊಮ್ಮಕ್ಕಳು ಒಟ್ಟಿಗೆ ಬಂದು ಸೇರುವುದಕ್ಕೆ ಒಂದು ನೆವ ಬೇಕೆಂದು ಮೊಮ್ಮಗನ ಮದುವೆಯನ್ನು ಹೂಡುತ್ತಾರೆ. ನ್ಯೂಯಾರ್ಕಿನಲ್ಲಿ ಬೆಳೆದ ಬಿಲ್ಲಿ ಎಂಬ ಮೊಮ್ಮಗಳಿಗೆ ಇದು ಮೋಸವೆನಿಸುತ್ತದೆ. ದೊಡ್ಡಪ್ಪನ ಪ್ರಕಾರ, ಸಾವಿನ ಭಾರವನ್ನು ಅಜ್ಜಿಯ ಬದಲು ಮನೆಯವರೇ ಹೊರುವುದು ಅವರ ಕರ್ತವ್ಯ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮಣಿಪಾಲಕ್ಕೆ ಹೋಗಿ ರಿಪೋರ್ಟು ಹಿಡಿದುಕೊಂಡು ಘಟ್ಟ ಹತ್ತಿ ವಾಪಸು ಬರುವ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತ ಹಿರಿಯರಿಗೆ ‘ಗ್ಯಾಸ್ಟ್ರಿಕ್ ಅಂತೆ, ಮಾತ್ರೆ ಕೊಟ್ಟಿದಾರೆ’ ಎಂದು ಹೇಳಿದ ಮಗನೋ ಮಗಳೋ ನಮ್ಮಲ್ಲಿ ಪ್ರತಿ ಮನೆತನದಲ್ಲೂ ಒಬ್ಬರಾದರೂ ಸಿಗುತ್ತಾರೆ. ಚಿತ್ರದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅಜ್ಜಿಯ ಗಂಡ ಕಾಯಿಲೆ ಬಿದ್ದಾಗ ಅವಳೂ ಅವನಿಗೆ ಇದೇ ಸುಳ್ಳನ್ನು ಹೇಳಿ, ಕೊನೆಗಾಲದಲ್ಲಿ ಮಾತ್ರ ನಿಜ ತಿಳಿಸಿದ್ದಳು. ಹಾಗಾದರೆ ಈಗ ತನ್ನ ಸುತ್ತ ನಡೆಯುತ್ತಿರುವುದು ಅವಳಿಗೆ ತಿಳಿದಿಲ್ಲವೇ? ನಿರ್ದೇಶಕಿ ಉತ್ತರ ಕೊಡುವುದಿಲ್ಲ, ನಾವು ಅಜ್ಜಿಯ ಮುಖವನ್ನೇ ನೋಡುತ್ತ ಕೂರುತ್ತೇವೆ.

ಸತ್ತವರ ವಿಷಯದಲ್ಲಿ ನಮ್ಮವರ ರೀತಿಗೆ ಅತಿ ಹತ್ತಿರ ಬಂದದ್ದು ಥಾಯ್ಲೆಂಡಿನ ಅಪಿಚಾತ್‌ಪಾಂಗ್ ವೀರಸೇತಕುಲ್ ಅವರ ‘ಅಂಕಲ್ ಬೂನ್ಮೀ ಹೂ ಕ್ಯಾನ್ ರೀಕಾಲ್ ಹಿಸ್ ಪಾಸ್ಟ್ ಲೈವ್ಸ್’ ಚಿತ್ರ. ಬೂನ್ಮೀ ಎಂಬ ಮೂತ್ರಪಿಂಡದ ರೋಗಿಯ ಕೊನೆಯ ದಿನಗಳ ಈ ಕಥೆಗೆ 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ರಾತ್ರಿ ಊಟದ ಮೇಜಿನ ಬಳಿ ಎಂದೋ ತೀರಿಕೊಂಡ ಹೆಂಡತಿ ನಿಧಾನವಾಗಿ ಕಾಣಿಸಿಕೊಳ್ಳುತ್ತಾಳೆ, ಕಳೆದುಹೋದ ಮಗ ಕೆಂಪು ಕಣ್ಣಿನ ಕಪಿರೂಪದಲ್ಲಿ ಮೆಟ್ಟಿಲು ಹತ್ತಿ ಬರುತ್ತಾನೆ. ಮನೆಯವರು ಒಂದು ಕ್ಷಣ ಬೆಚ್ಚಿ, ಆಮೇಲೆ ಕೂರಿಸಿ ಮಾತಾಡಿಸುತ್ತಾರೆ. ಪಿತೃಪಕ್ಷದಲ್ಲಿ ಎಡೆಯಿಟ್ಟು ಬಾಗಿಲು ಓರೆ ಮಾಡಿ ಹೊರಗೆ ಕಾಯುವ, ತೋಟದ ಮೂಲೆಯ ಚೌಡಿಗೆ ವರ್ಷಕ್ಕೊಮ್ಮೆ ತಪ್ಪದೆ ಪೂಜೆ ಕೊಡುವ ನಮಗೆ ಅಲ್ಲಿ ವಿವರಣೆ ಬೇಕಾಗುವುದಿಲ್ಲ. ಪಶ್ಚಿಮದ ವಿಮರ್ಶಕರು ಅದರ ನಿಗೂಢತೆಯನ್ನು ಬಹಳ ಕೊಂಡಾಡಿದ್ದಾರೆ. ನನ್ನ ಕಣ್ಣು ಹೋದದ್ದು ಜಾಯ್ ಎಂಬವನ ಮೇಲೆ: ಲಾವೋಸಿನಿಂದ ಕೂಲಿಗೆ ಬಂದು, ಬೂನ್ಮೀಯ ತೋಟವನ್ನೂ ನೋಡಿಕೊಂಡು, ಪ್ರತಿದಿನ ಅವನಿಗೆ ಡಯಾಲಿಸಿಸ್ ಮಾಡುವವನು. ಭೂತಗಳು ಬಂದು ಕೂತ ಮನೆಯಲ್ಲೂ ಆರೈಕೆಗೆ ಪರದೇಶದ ಆಳು ಬೇಕಾಯಿತು. ನಿರ್ದೇಶಕರು ಅದನ್ನು ಮರೆಮಾಚದೆ ತೋರಿಸಿದ್ದಾರೆ ಎಂಬುದಕ್ಕೇ ಅವರ ಮೇಲೆ ನನ್ನ ಗೌರವ.

ಪರದೇಶಕ್ಕೆ ಹೋಗಿ ನೆಲೆಸಿದವರ ಚಿತ್ರಗಳಲ್ಲಿ ‘ಮಿನಾರಿ’ಯನ್ನು (2020) ಹೆಸರಿಸಿ ಮುಂದೆ ಹೋಗುತ್ತೇನೆ. ಅಮೆರಿಕದ ಅರ್ಕನ್ಸಾಸಿಗೆ ಬಂದ ಕೊರಿಯಾದ ಅಜ್ಜಿಯನ್ನು ಮೊಮ್ಮಗ ನಿಜವಾದ ಅಜ್ಜಿಯೇ ಅಲ್ಲವೆನ್ನುತ್ತಾನೆ, ಏಕೆಂದರೆ ಅವಳಿಗೆ ಕುಕೀಸ್ ಮಾಡಲು ಬಾರದು. ಅಮೆರಿಕದಲ್ಲೇ ತಯಾರಾದ ಈ ಚಿತ್ರ ಹೆಚ್ಚಾಗಿ ಕೊರಿಯನ್ ಮಾತಾಡುತ್ತದೆಂಬ ಕಾರಣಕ್ಕೆ ಗೋಲ್ಡನ್ ಗ್ಲೋಬ್‌ನವರು ಅದನ್ನು ವಿದೇಶಿ ಭಾಷೆಯ ಚಿತ್ರಗಳ ಸಾಲಿಗೆ ದೂಡಿದರು. ಬಾಣಂತನಕ್ಕೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಕಟ್ಟಿಕೊಂಡು ವಿಮಾನ ಹತ್ತುವ ನಮ್ಮ ಅಜ್ಜಿಯರು ಕ್ಯಾಲಿಫೋರ್ನಿಯಾದ ಆ ಮನೆಗಳಲ್ಲಿ ಹಗಲಿಡೀ ಏನು ಮಾಡುತ್ತಾರೆಂಬುದನ್ನು ಕನ್ನಡ ಸಿನಿಮಾ ಇನ್ನೂ ಇಷ್ಟು ಹತ್ತಿರದಿಂದ ನೋಡಿಲ್ಲ.

ಚಿತ್ರೋತ್ಸವಕ್ಕೆ ಹೋದದ್ದೆಲ್ಲ ಚಿನ್ನ ಎಂಬ ಭ್ರಮೆ ನನಗಿಲ್ಲ. ಬಡತನವನ್ನೂ ಆಚರಣೆಗಳನ್ನೂ ಹೊರಗಿನವರ ಕಣ್ಣಿಗೆ ಹದವಾಗಿ ಬಡಿಸುವ ಚಿತ್ರಗಳು ಅಲ್ಲಿಯೂ ಇವೆ, ಮತ್ತು ಮೆಲ್ಲಗೆ ಚಲಿಸುವ ಕ್ಯಾಮೆರಾ ಕೂಡ ಡ್ರೋನಿನಷ್ಟೇ ಸೋಗಿನದಾಗಬಲ್ಲದು. ನಟೇಶ ಹೆಗಡೆಯವರ ‘ಪೆಡ್ರೊ’ ಹಾಗಾಗದೆ ಉಳಿದದ್ದಕ್ಕೆ ಕಾರಣ ಅದು ಒಳಗಿನವರ ಕೆಲಸ ಎಂಬುದಷ್ಟೇ ಅಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ತಮ್ಮ ಊರಕಡೆಯಲ್ಲೇ ಚಿತ್ರೀಕರಿಸಿ, ತಮ್ಮ ತಂದೆಯವರನ್ನೇ ಮುಖ್ಯ ಪಾತ್ರಕ್ಕೆ ನಿಲ್ಲಿಸಿ, 2021ರ ಬೂಸಾನ್ ಚಿತ್ರೋತ್ಸವಕ್ಕೆ ಒಯ್ದ ಆ ಚಿತ್ರದಲ್ಲಿ ಅವರು ತಮ್ಮ ಜಾತಿಯ ಜಗಲಿಯಿಂದ ಕೆಳಗಿಳಿದು ನೋಡುತ್ತಾರೆ. ಊರಿಗೆಲ್ಲ ಕರೆಂಟಿನ ಕೆಲಸ ಮಾಡಿಕೊಟ್ಟುಕೊಂಡಿದ್ದ ಬಡ ಕ್ರಿಶ್ಚಿಯನ್ ಒಬ್ಬನಿಂದ ಅಚಾತುರ್ಯದಲ್ಲಿ ಒಂದು ಹಸು ಸಾಯುತ್ತದೆ. ಅಲ್ಲಿಯವರೆಗೆ ಅವನ ದುಡಿಮೆಯನ್ನು ಉಂಡ ಊರು ಅವನನ್ನು ಹೊರಗಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮನೆಯೊಳಗಿನ ದುಡಿಮೆಯನ್ನು ಕುರಿತು ಇಷ್ಟು ಬರೆದ ನಾನು, ನಮ್ಮ ಮನೆಗಳ ಅಂಗಳದಾಚೆಗೇ ನಿಂತು ನೀರು ಕುಡಿದವರ ದುಡಿಮೆಯನ್ನೂ ಇದೇ ಸಾಲಿನಲ್ಲಿ ಹೇಳಲೇಬೇಕು.

ಈಗ ನಮ್ಮ ಊರುಗಳಲ್ಲಿ ನಡೆಯುತ್ತಿರುವ ಒಂದು ಸಂಗತಿಗೆ ಸಿನಿಮಾ ಬೇಕಾಗಿದೆ. ತೋಟ ಮಾಡಿಕೊಂಡು ಊರಲ್ಲೇ ಉಳಿದ ಗಂಡುಗಳಿಗೆ ಇಲ್ಲಿ ಹೆಣ್ಣು ಸಿಗದೆ, ದೂರದ ಬೇರೆ ಭಾಷೆಯ ರಾಜ್ಯಗಳಿಂದ ಮದುವೆ ಮಾಡಿಕೊಂಡು ಬಂದ ಮನೆಗಳಿವೆ. ಆ ಹುಡುಗಿ ಮೊದಲ ಮಳೆಗಾಲವನ್ನು ಹೇಗೆ ಕಳೆದಳು, ತಂಬುಳಿ ಮಾಡುವುದನ್ನು ಯಾರು ಹೇಳಿಕೊಟ್ಟರು, ಅವಳ ಊರಿನ ದೇವರಿಗೆ ಈ ದೇವರ ಕೋಣೆಯಲ್ಲಿ ಜಾಗ ಸಿಕ್ಕಿತೇ, ಅವಳ ತಾಯಿ ಫೋನಿನಲ್ಲಿ ಅತ್ತಾಗ ಅತ್ತೆಗೆ ಏನು ಅರ್ಥವಾಯಿತು? ಈ ಚಿತ್ರವನ್ನು ಮಾಡುವ ಧೈರ್ಯ ಯಾರಿಗಾದರೂ ಇದ್ದರೆ ಕ್ಯಾಮೆರಾವನ್ನು ಅವಳ ಪಕ್ಕದಲ್ಲಿ ಇಡಲಿ. ಗಂಡನ ಮನೆಯವರ ಕಡೆಯ ಕಥೆಯನ್ನು ಹೇಳುವುದಕ್ಕೆ ನಾವು ಸಾಕಷ್ಟು ಜನ ಇದ್ದೇವೆ.