ಹೊಸ ಪುಸ್ತಕಗಳನ್ನು ಜೋಡಿ ಮಾಡಿ ಓದಿ ನೋಡಿ

"ಈಚೆಗೆ ಬಂದದ್ದರಲ್ಲಿ ಒಂದು ಒಳ್ಳೆ ಪುಸ್ತಕ ಹೇಳಿ" ಅಂತ ಓದುವ ಗೆಳೆಯರು ಆಗಾಗ ಕೇಳುತ್ತಾರೆ. ಒಂದೇ ಒಂದು ಹೆಸರು ಹೇಳಿ ಸುಮ್ಮನಾಗುವುದು ನನಗೆ ಒಗ್ಗುವುದಿಲ್ಲ. ಎರಡು ಹೆಸರು ಹೇಳುತ್ತೇನೆ. ಎರಡೂ ಬೇರೆ ಬೇರೆ ಬಗೆಯವು, ಬೇರೆ ನೆಲದವು, ಆದರೆ ಒಂದು ಮುಗಿಸಿ ಇನ್ನೊಂದಕ್ಕೆ ಹೋದಾಗ ಮೊದಲನೆಯದು ಮತ್ತೆ ಬೇರೆ ಥರ ಕಾಣಬೇಕು. ಹತ್ತು ಪುಸ್ತಕಗಳ ಉದ್ದ ಪಟ್ಟಿಗಿಂತ ಇಂಥ ಎರಡು ಪುಸ್ತಕ ಓದುವವರಿಗೆ ಜಾಸ್ತಿ ಉಪಯೋಗ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಈ ಬರಹದಲ್ಲಿ ಹೆಚ್ಚಿನವು ಜೋಡಿಗಳೇ.

ಮೊದಲ ಜೋಡಿ ನನಗೆ ತುಂಬ ಹತ್ತಿರದ್ದು. ಐರ್ಲೆಂಡಿನ ಕ್ಲೇರ್ ಕೀಗನ್ ಬರೆದ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ಮತ್ತು ನಮ್ಮ ಬಾನು ಮುಷ್ತಾಕ್ ಅವರ ಕತೆಗಳು.

ಬಾನು ಅವರ 12 ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಇಂಗ್ಲಿಷಿಗೆ ಅನುವಾದವಾದ ಪುಸ್ತಕಗಳಿಗೆ ಕೊಡುವ ಪ್ರಶಸ್ತಿ ಅದು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಕತಾಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಆಗ ಎಲ್ಲರ ಬಾಯಲ್ಲೂ ಆ ಹೆಸರಿತ್ತು. ಪ್ರಶಸ್ತಿಯ ಸದ್ದು ಇಳಿದ ಮೇಲೆ ಪುಸ್ತಕವನ್ನು ಪುಸ್ತಕವಾಗಿ ಓದಲು ಒಳ್ಳೆ ಸಮಯ. ಕನ್ನಡ ಬರುವವರು ಕನ್ನಡದಲ್ಲೇ ಓದಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕೀಗನ್ ಅವರನ್ನು ಮೊದಲು ಓದಿ. 2021ರಲ್ಲಿ ಬಂದ ಕಿರುಕಾದಂಬರಿ, ಒಂದೇ ದಿನದಲ್ಲಿ ಮುಗಿಯುತ್ತದೆ. ಕತೆ ನಡೆಯುವುದು 1985ರಲ್ಲಿ, ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ. ಬಿಲ್ ಫರ್ಲಾಂಗ್ ಎಂಬ ಕಲ್ಲಿದ್ದಲು ವ್ಯಾಪಾರಿ, ಐದು ಹೆಣ್ಣುಮಕ್ಕಳ ತಂದೆ. ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಕಲ್ಲಿದ್ದಲು ಇಳಿಸಲು ಹೋದಾಗ ಅಲ್ಲಿನ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದ ಒಬ್ಬ ಹುಡುಗಿಯನ್ನು ನೋಡುತ್ತಾನೆ. ಮಠ ಒಂದು ಲಾಂಡ್ರಿ ನಡೆಸುತ್ತಿದೆ. ಅಲ್ಲಿ ಏನು ನಡೆಯುತ್ತದೆ ಅಂತ ಊರಿಗೆಲ್ಲ ಅರ್ಧಂಬರ್ಧ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಹೆಂಡತಿಯೂ 'ನಮಗ್ಯಾಕೆ' ಅನ್ನುತ್ತಾಳೆ. ಇದು ಸುಮ್ನೆ ಕಟ್ಟಿದ ಕತೆಯಲ್ಲ. ಮದುವೆಯಾಗದೆ ಬಸುರಾದವರನ್ನು, 'ದಾರಿ ತಪ್ಪಿದವರು' ಅನ್ನಿಸಿಕೊಂಡ ಹುಡುಗಿಯರನ್ನು ಕೂಡಿಹಾಕಿ ಸಂಬಳವಿಲ್ಲದೆ ದುಡಿಸಿಕೊಂಡ ಮ್ಯಾಗ್ಡಲೀನ್ ಲಾಂಡ್ರಿಗಳು ಐರ್ಲೆಂಡಿನಲ್ಲಿ ನಿಜವಾಗಿ ಇದ್ದವು. ಕೊನೆಯದು ಮುಚ್ಚಿದ್ದು 1996ರಲ್ಲಿ. ಅಲ್ಲಿನ ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ.

ಫರ್ಲಾಂಗ್ ಏನು ಮಾಡುತ್ತಾನೆ ಅಂತ ನಾನು ಹೇಳುವುದಿಲ್ಲ. ಪುಸ್ತಕ ಮುಚ್ಚಿದಾಗ ಮನುಷ್ಯರ ಮೇಲೆ ಒಂದಿಷ್ಟು ಭರವಸೆ ಹುಟ್ಟುತ್ತದೆ ಅಂತಷ್ಟೇ ಹೇಳಬಲ್ಲೆ.

ಆ ಭರವಸೆ ಇರುವಾಗಲೇ ಬಾನು ಅವರ 'ಕರಿ ನಾಗರಗಳು' ಓದಿ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಸಿನಿಮಾಕ್ಕೆ ಆಧಾರವಾದ ಕತೆ ಇದೇ. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಅಶ್ರಫ್, ಕಾಯಿಲೆಯ ಕೂಸನ್ನು ಎತ್ತಿಕೊಂಡು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಹತ್ತಿರ ನ್ಯಾಯ ಕೇಳಲು ಹೋಗುತ್ತಾಳೆ. ಇಲ್ಲಿ ಫರ್ಲಾಂಗ್ ಇಲ್ಲ. ಬಾನು ಅವರ ಲೋಕದಲ್ಲಿ ಅಂಥ ಗಂಡಸು ಸಿಗುವುದು ಅಪರೂಪ. ಇದ್ದರೆ ಓಣಿಯ ಹೆಂಗಸರು, ಅವರ ಸಿಟ್ಟು, ಅವರ ಶಾಪ. ಎರಡು ಧರ್ಮ, ಎರಡು ದೇಶ. ಧರ್ಮದ ಹೆಸರಲ್ಲಿ ಕುರ್ಚಿ ಹಿಡಿದವರ ದರ್ಪ ಮಾತ್ರ ಒಂದೇ, ಅಕ್ಕಪಕ್ಕದವರ ಮೌನವೂ ಒಂದೇ. ಕೀಗನ್ ಕತೆಯನ್ನು ನಾವು ಸಹಾಯ ಮಾಡಬಲ್ಲವನ ಜಾಗದಲ್ಲಿ ನಿಂತು ಓದುತ್ತೇವೆ. ಬಾನು ನಮ್ಮನ್ನು ಸಹಾಯ ಸಿಗದವಳ ಜಾಗಕ್ಕೆ ಎಳೆದು ತರುತ್ತಾರೆ. ಕೀಗನ್ ಮೊದಲು ಅಂದದ್ದು ಇದಕ್ಕೇ. ಉಲ್ಟಾ ಓದಿದರೆ ಫರ್ಲಾಂಗ್ ಕೊಟ್ಟ ನೆಮ್ಮದಿಯಲ್ಲೇ ನಿಂತುಬಿಡುತ್ತೇವೆ.

ಒಂದು ಮಾತು. ಬಾನು ಅವರ ಕತೆಗಳನ್ನು ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಹಜ್‌ಗೆ ಹೊರಟ ಶ್ರೀಮಂತ ಮನೆಯಾಕೆಯ ಬಳಿ ಬಡ ಮುದುಕಿಯೊಬ್ಬಳು 'ನನಗೊಂದು ಕಫನ್ ತಂದುಕೊಡಿ' ಅಂತ, ಅಂದರೆ ಸತ್ತಾಗ ಹೊದಿಸುವ ಬಟ್ಟೆ ತಂದುಕೊಡಿ ಅಂತ ಕೇಳುವ ಕತೆಯೊಂದಿದೆ. ಮುದುಕಿ ಕೇಳಿದ್ದು ಅಷ್ಟೇ. ಹೋದಾಕೆ ಅದನ್ನು ಮರೆತುಬಿಡುತ್ತಾಳೆ. ಆ ಮರೆವಿನ ಭಾರ ಓದಿದವರ ಮೇಲೂ ಬೀಳುತ್ತದೆ. ಅದನ್ನು ಓದಿದ ದಿನ ಇನ್ನೊಂದು ಕತೆ ಬೇಡ.

ಇನ್ನು ಪೂರ್ತಿ ಬೇರೆ ದಿಕ್ಕು. ಸಮಂತಾ ಹಾರ್ವೆ ಅವರ 'ಆರ್ಬಿಟಲ್', ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗಳಿಗೆ ಕೊಡುವ ಬೂಕರ್ ಅನ್ನು 2024ರಲ್ಲಿ ಗೆದ್ದದ್ದು. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, 24 ಗಂಟೆ, ಭೂಮಿಗೆ 16 ಸುತ್ತು. ಅಂದರೆ ಒಂದು ದಿನದಲ್ಲಿ 16 ಸಲ ಬೆಳಗು, 16 ಸಲ ಇರುಳು. ಕತೆ ಅಂತ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಜಪಾನಿನ ಚಿಯೆ ಅನ್ನುವಾಕೆಗೆ ತಾಯಿ ತೀರಿಕೊಂಡ ಸುದ್ದಿ ಮೇಲೆಯೇ ಸಿಗುತ್ತದೆ. ಕೆಳಗೆ ಫಿಲಿಪ್ಪೀನ್ಸ್ ಕಡೆಗೆ ದೊಡ್ಡ ಚಂಡಮಾರುತ ಹೊರಟಿದೆ, ಇವರಿಗೆ ಕಾಣುತ್ತದೆ, ಏನೂ ಮಾಡಲಾಗುವುದಿಲ್ಲ. ಮಿಕ್ಕಿದ್ದೆಲ್ಲ ನೋಡುವುದು ಮತ್ತು ಯೋಚಿಸುವುದು. ಓಡುವ ಕತೆ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಹೀಗೆ ಮುಂಚೆಯೇ ಹೇಳುವುದು ಶಿಫಾರಸು ಮಾಡುವವರ ಕರ್ತವ್ಯ ಅಂದುಕೊಂಡಿದ್ದೇನೆ. ಪುಟ್ಟ ಪುಸ್ತಕ, ಆದರೂ ಒಂದೊಂದು ಸುತ್ತಿಗೂ ಬಿಡುವು ಕೊಟ್ಟು ಓದಿ.

ಇದರ ಜೊತೆಗೆ ಕಾದಂಬರಿ ಬೇಡ, ವಿಜ್ಞಾನ ಇರಲಿ. ಎಡ್ ಯಾಂಗ್ ಅವರ 'ಆ್ಯನ್ ಇಮೆನ್ಸ್ ವರ್ಲ್ಡ್' 2022ರಲ್ಲಿ ಬಂತು. ಪ್ರಾಣಿಗಳು ಈ ಲೋಕವನ್ನು ಹೇಗೆ ಅರಿಯುತ್ತವೆ ಅನ್ನುವುದು ಅದರ ವಸ್ತು. ಯಾಕೋಬ್ ಫಾನ್ ಯುಕ್ಸ್‌ಕ್ಯೂಲ್ ಎಂಬ ಜೀವವಿಜ್ಞಾನಿ 1909ರಲ್ಲಿ ಮುಂದಿಟ್ಟ ಒಂದು ವಿಚಾರ ಇದರ ಬುನಾದಿ. ಪ್ರತಿಯೊಂದು ಜೀವಿಯೂ ತನ್ನ ಇಂದ್ರಿಯಗಳಿಗೆ ದಕ್ಕುವಷ್ಟೇ ಲೋಕದಲ್ಲಿ ಬದುಕುತ್ತದೆ ಅನ್ನುವ ವಿಚಾರ. ರಕ್ತ ಹೀರುವ ಉಣುಗಿಗೆ ಬೇಕಾದದ್ದು ಮೈಯ ಬಿಸಿ, ಕೂದಲಿನ ಸ್ಪರ್ಶ, ಚರ್ಮದ ವಾಸನೆ. ಅಷ್ಟೇ ಅದರ ಲೋಕ. ಮಳೆ, ಆಕಾಶ, ಬಣ್ಣ ಯಾವುದೂ ಅದಕ್ಕೆ ಇಲ್ಲ. ಸ್ಕ್ಯಾಲಪ್ ಅನ್ನುವ ಚಿಪ್ಪುಜೀವಿಯ ಅಂಚಿನಲ್ಲಿ ಸಾಲಾಗಿ ಕಣ್ಣುಗಳಿರುತ್ತವೆ, ಕೆಲವು ಬಗೆಯವಕ್ಕೆ ಸುಮಾರು 200. ಗಿಡದ ಮೇಲಿನ ಪುಟ್ಟ ಹುಳಗಳು ಕಾಂಡವನ್ನೇ ನಡುಗಿಸಿ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಯಾಂಗ್ ಇಂಥವನ್ನು ವಿಚಿತ್ರ ಸಂಗತಿಗಳ ಗುಡ್ಡೆಯಾಗಿ ಹಾಕುವುದಿಲ್ಲ. ಅದು ಹೇಗೆ ಗೊತ್ತಾಯಿತು, ಯಾರು ಯಾವ ಪ್ರಯೋಗ ಮಾಡಿದರು, ಎಲ್ಲಿ ಇನ್ನೂ ಜಗಳವಿದೆ ಅಂತ ತಾಳ್ಮೆಯಿಂದ ಹೇಳುತ್ತಾರೆ. ದಪ್ಪ ಪುಸ್ತಕ. ವಾಸನೆ, ಬೆಳಕು, ಬಣ್ಣ, ನೋವು, ಬಿಸಿ ಹೀಗೆ ಒಂದೊಂದಕ್ಕೆ ಒಂದೊಂದು ಅಧ್ಯಾಯ. ನೋವಿನ ಬಗ್ಗೆ ಇರುವುದನ್ನು ಬಿಡಲೇಬೇಡಿ.

ಜೋಡಿಯ ಗುಟ್ಟು ಇರುವುದು ಇದರ ಕೊನೆಯಲ್ಲಿ. 'ಆರ್ಬಿಟಲ್' ಓದುವಾಗ ರಾತ್ರಿಯ ನಗರಗಳ ದೀಪಗಳು ತುಂಬ ಚೆನ್ನಾಗಿ ಕಾಣುತ್ತವೆ. ಸುಮಾರು 400 ಕಿಲೋಮೀಟರ್ ಮೇಲಿಂದ ಮನುಷ್ಯರು ಇದ್ದಾರೆ ಅನ್ನುವುದಕ್ಕೆ ಇರುವ ಗುರುತು ಅದೇ ಅಲ್ವಾ. ಯಾಂಗ್ ತಮ್ಮ ಕೊನೆಯ ಅಧ್ಯಾಯದಲ್ಲಿ ಇದೇ ಬೆಳಕಿಗೆ ಬರುತ್ತಾರೆ. ಕಡಲಾಮೆಯ ಮರಿಗಳು ಸಮುದ್ರ ಬಿಟ್ಟು ರಸ್ತೆ ದೀಪದ ಕಡೆ ತೆವಳುತ್ತವೆ. ರಾತ್ರಿ ಹಾರುವ ವಲಸೆ ಹಕ್ಕಿಗಳು ದೀಪಗಳ ಸುತ್ತ ಸುತ್ತಿ ಸುತ್ತಿ ದಣಿಯುತ್ತವೆ. ಇದನ್ನು ಓದಿದ ಮೇಲೆ 'ಆರ್ಬಿಟಲ್'ನ ಆ ಪುಟಗಳಿಗೆ ಮತ್ತೆ ಹೋಗಿ ನೋಡಿ. ಹಾರ್ವೆಯ ವಾಕ್ಯಗಳು ಅವೇ, ಚೆಲುವೂ ಹಾಗೇ ಇದೆ. ಆದರೆ ಅವುಗಳಲ್ಲಿ ಈಗ ಆಮೆಮರಿಯೂ ಇದೆ. ಎರಡು ಪುಸ್ತಕ ಜೊತೆಗೆ ಓದುವುದರಿಂದ ಏನು ಸಿಗುತ್ತದೆ ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಪರ್ಸಿವಲ್ ಎವರೆಟ್ ಅವರ 'ಜೇಮ್ಸ್' ತನ್ನ ಜೋಡಿಯನ್ನು ತಾನೇ ಹೊತ್ತು ತಂದಿದೆ. ಅಮೆರಿಕದ ಮಾರ್ಕ್ ಟ್ವೇನ್ ಬರೆದ, ಹಕಲ್‌ಬರಿ ಫಿನ್ (ಹಕ್) ಎಂಬ ಹುಡುಗನ ಕತೆಯನ್ನು, ಅದರಲ್ಲಿ ಬರುವ ಗುಲಾಮ ಜಿಮ್, ಅಂದರೆ ಜೇಮ್ಸ್, ತಾನೇ ಹೇಳಿದರೆ ಹೇಗಿರುತ್ತದೆ? 2024ರಲ್ಲಿ ಬಂದ ಈ ಕಾದಂಬರಿಗೆ 2025ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಮೊದಲಲ್ಲೇ ಒಂದು ಪಾಠದ ದೃಶ್ಯವಿದೆ. ಜೇಮ್ಸ್ ಗುಲಾಮರ ಮಕ್ಕಳಿಗೆ ಬಿಳಿಯರ ಎದುರು ಹೇಗೆ ತಡವರಿಸಿ ಮಾತಾಡಬೇಕು ಅಂತ ಕಲಿಸುತ್ತಾನೆ. ಅಡುಗೆಮನೆಗೆ ಬೆಂಕಿ ಬಿದ್ದಿದ್ದರೂ ನೇರವಾಗಿ ಹೇಳುವಂತಿಲ್ಲ. ಅದನ್ನು ಮೊದಲು ಕಂಡುಹಿಡಿದವರು ತಾವೇ ಅಂತ ಬಿಳಿಯರಿಗೆ ಅನ್ನಿಸಬೇಕು. ಓದುವಾಗ ನಗು ಬರುತ್ತದೆ. ಒಂದು ಕ್ಷಣ ಬಿಟ್ಟು, ಬದುಕಿ ಉಳಿಯಲು ಮಕ್ಕಳು ಇದನ್ನು ಕಲಿಯಬೇಕಾಯಿತಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂದೆ ಜೇಮ್ಸ್‌ಗೆ ಬರೆಯಲು ಒಂದು ಮೋಟು ಪೆನ್ಸಿಲ್ ಬೇಕಾಗುತ್ತದೆ. ಅದನ್ನು ಕದ್ದು ತಂದುಕೊಟ್ಟವನಿಗೆ ಆಗುವ ಗತಿಯನ್ನು ಓದಿದ ಮೇಲೆ, ಆ ಪುಸ್ತಕದಲ್ಲಿ ಅವನು ಬರೆಯುವ ಪ್ರತಿ ಸಾಲಿಗೂ ಎಷ್ಟು ಬೆಲೆ ತೆತ್ತಿದ್ದಾರೆ ಅನ್ನುವುದು ಮರೆಯುವುದಿಲ್ಲ. ಹಕ್ ಮತ್ತು ಜೇಮ್ಸ್ ನಡುವಿನ ಸಂಬಂಧದ ಬಗ್ಗೆ ಒಂದು ಸಂಗತಿ ಬಯಲಾಗುವ ಜಾಗವಿದೆ. ಅದು ಬೇಕಿರಲಿಲ್ಲ ಅನ್ನುವವರು ಇರಬಹುದು. ನನಗೆ ಅದು ಸರಿ ಅನ್ನಿಸಿತು. ಮೂಲ ಕಾದಂಬರಿ ಓದಿರಲೇಬೇಕು ಅಂತೇನಿಲ್ಲ. ಓದಿರದವರು ಇದನ್ನು ಮುಗಿಸಿ ಟ್ವೇನ್ ಕಡೆ ಹೋಗಬಹುದು.

ಗಂಡಸರ ಒಳಗನ್ನು ತೋರಿಸುವ ಎರಡು ಕಾದಂಬರಿಗಳನ್ನೂ ಹೇಳಬೇಕು. ವಿವೇಕ ಶಾನಭಾಗರ 'ಸಕೀನಾಳ ಮುತ್ತು' 2021ರದ್ದು. ಇಬ್ಬರು ಹುಡುಗರು ವೆಂಕಟನ ಮನೆ ಬಾಗಿಲಿಗೆ ಬಂದು ಅವನ ಮಗಳ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿಂದ ಅವನ ಸಮಾಧಾನ ಅಲ್ಲಾಡಲು ಶುರುವಾಗುತ್ತದೆ. ಕತೆ ಹೇಳುವವನು ಅವನೇ. ಎಲ್ಲದಕ್ಕೂ ಅವನ ಹತ್ತಿರ ವಿವರಣೆ ಇದೆ, ಸಮರ್ಥನೆ ಇದೆ. ಅವನು ವಿವರಿಸಿದಷ್ಟೂ ಹೆಂಡತಿ, ಮಗಳು ಅವನಿಗೆ ಅರ್ಥವಾಗಿಲ್ಲ ಅನ್ನುವುದು ನಮಗೆ ಗೊತ್ತಾಗುತ್ತಾ ಹೋಗುತ್ತದೆ. 2025ರ ಬೂಕರ್ ಗೆದ್ದ ಡೇವಿಡ್ ಸೊಲೊಯ್ ಅವರ 'ಫ್ಲೆಶ್' ಇದಕ್ಕೆ ಪೂರ್ತಿ ವಿರುದ್ಧ. ಹಂಗೇರಿಯ ಹುಡುಗ ಇಶ್ಟ್ವಾನ್ ಬೆಳೆದು ಸೈನ್ಯಕ್ಕೆ, ಆಮೇಲೆ ಲಂಡನ್ನಿನ ಶ್ರೀಮಂತರ ಮನೆಗೆ ತಲುಪುತ್ತಾನೆ. ಅಷ್ಟು ಏರಿಳಿತ ಕಂಡರೂ ಅವನ ಬಾಯಿಂದ ಹೊರಡುವುದು 'ಓಕೆ' ಅನ್ನುವಂಥ ಒಂದೆರಡು ಪದ ಮಾತ್ರ. ಒಬ್ಬ ಮಾತಿನ ಹಿಂದೆ ಅಡಗುತ್ತಾನೆ, ಇನ್ನೊಬ್ಬನಿಗೆ ಮಾತೇ ಇಲ್ಲ. ಇಬ್ಬರಿಗೂ ತಮ್ಮ ಬದುಕಿನಲ್ಲಿ ಏನು ನಡೆಯುತ್ತಿದೆ ಅಂತ ಹೇಳಲು ಬರುವುದಿಲ್ಲ. 'ಫ್ಲೆಶ್' ನಡುವೆ ಕೆಲವು ಕಡೆ ಒಣಗಿದಂತೆ ಅನ್ನಿಸುತ್ತದೆ. ಎರಡರಲ್ಲಿ ಒಂದೇ ಆಯ್ಕೆ ಮಾಡಿ ಅಂದರೆ ನಾನು ಶಾನಭಾಗರನ್ನು ಆರಿಸುತ್ತೇನೆ.

ಚರಿತ್ರೆ ಇಷ್ಟಪಡುವವರಿಗೆ ವಸುಧೇಂದ್ರರ 'ತೇಜೋ ತುಂಗಭದ್ರಾ' ಗೊತ್ತೇ ಇರುತ್ತದೆ. 2019ರದ್ದು, ಲಿಸ್ಬನ್ನಿನಿಂದ ವಿಜಯನಗರದವರೆಗೆ ಹರಡಿದ ದೊಡ್ಡ ಕತೆ. ಓದಿದವರು ಈಗ ಹಾನ್ ಕಾಂಗ್ ಅವರ 'ವಿ ಡು ನಾಟ್ ಪಾರ್ಟ್' ಹಿಡಿಯಿರಿ. 2024ರಲ್ಲಿ ನೊಬೆಲ್ ಪಡೆದ ಕೊರಿಯಾದ ಲೇಖಕಿ ಇವರು. ಬೆರಳು ತುಂಡಾಗಿ ಆಸ್ಪತ್ರೆಯಲ್ಲಿರುವ ಗೆಳತಿಯ ಸಾಕುಹಕ್ಕಿಗೆ ನೀರು, ಕಾಳು ಇಡಲು ಒಬ್ಬಾಕೆ ಹಿಮದ ಬಿರುಗಾಳಿಯಲ್ಲಿ ಜೇಜು ದ್ವೀಪಕ್ಕೆ ಹೋಗುತ್ತಾಳೆ. ಅಲ್ಲಿ ಎದುರಾಗುವುದು 1948ರಲ್ಲಿ ಆ ದ್ವೀಪದಲ್ಲಿ ಶುರುವಾದ ಹತ್ಯಾಕಾಂಡ. ಸತ್ತವರು ಸುಮಾರು 30,000 ಇರಬಹುದು ಅನ್ನುತ್ತಾರೆ. ದಶಕಗಳ ಕಾಲ ಅದರ ಬಗ್ಗೆ ಮಾತಾಡಲೂ ಬಿಡಲಿಲ್ಲ. ವಸುಧೇಂದ್ರ ಚರಿತ್ರೆಯನ್ನು ಹಡಗು, ಪೇಟೆ, ಅರಮನೆಗಳಲ್ಲಿ ತೆರೆದಿಡುತ್ತಾರೆ. ಹಾನ್ ಕಾಂಗ್ ಅದನ್ನು ಒಂದು ಹಕ್ಕಿ ಮತ್ತು ಮುಚ್ಚಿಟ್ಟ ಕಾಗದಗಳ ಸುತ್ತ ಸುತ್ತುತ್ತಾರೆ. ಕನಸು ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಪುಟಗಳಿವೆ. ಅಲ್ಲಿ ತಡವರಿಸಿದರೂ ಬಿಡಬೇಡಿ.

ಆತ್ಮಕತೆಗಳಲ್ಲಿ ಅರುಂಧತಿ ರಾಯ್ ಅವರ 'ಮದರ್ ಮೇರಿ ಕಮ್ಸ್ ಟು ಮಿ' 2025ರಲ್ಲಿ ಬಂತು. ತಾಯಿ ಮೇರಿ ರಾಯ್ ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಸಮಪಾಲು ಸಿಗುವಂತೆ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು. ಹೊರಗೆ ಅಷ್ಟು ದೊಡ್ಡ ಹೋರಾಟಗಾರ್ತಿ, ಮನೆಯಲ್ಲಿ ಮಕ್ಕಳಿಗೆ ತಡೆಯಲಾಗದಷ್ಟು ಕಠಿಣ. ಮಗಳು ಎರಡನ್ನೂ ಬರೆಯುತ್ತಾಳೆ, ಯಾವುದನ್ನೂ ಕಡಿಮೆ ಮಾಡುವುದಿಲ್ಲ. ಇದರ ಪಕ್ಕದಲ್ಲಿ ಡಾ. ವಿಜಯಾ ಅವರ 'ಕುದಿ ಎಸರು' ಇರಲಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮನೆಯೊಳಗಿನ ಹಿಂಸೆಯನ್ನು ಇಷ್ಟು ಬಿಚ್ಚಿ ಬರೆದ ಆತ್ಮಕತೆ ಕನ್ನಡದಲ್ಲಿ ಕಡಿಮೆ. ಇದನ್ನು ಓದಲು ಗಟ್ಟಿ ಮನಸ್ಸು ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ.

ನನ್ನ ಈ ಸಾಲಿನಲ್ಲಿ ಕವನ ಸಂಕಲನ ಒಂದೂ ಇಲ್ಲ. ಹಾನ್ ಕಾಂಗ್ ಜೊತೆ ಓದಬಹುದಾದ, ಈಚಿನ ವರ್ಷಗಳ ಒಂದು ಒಳ್ಳೆಯ ಕನ್ನಡ ಸಂಕಲನ ಹುಡುಕುತ್ತಿದ್ದೇನೆ. ಯಾಂಗ್ ಪಕ್ಕದಲ್ಲಿಡಲು ಪ್ರಾಣಿಲೋಕದ ಬಗ್ಗೆ ಕನ್ನಡದಲ್ಲೇ ಬರೆದ ಹೊಸ ಪುಸ್ತಕವೂ ಬೇಕು. ನಿಮ್ಮ ಓದಿಗೆ ಅಂಥದ್ದು ಸಿಕ್ಕಿದ್ದರೆ ಹೆಸರು ಹೇಳಿ. ಯಾಕೆ ಇಷ್ಟವಾಯಿತು, ಎಲ್ಲಿ ಬೇಜಾರಾಯಿತು ಅನ್ನುವ ಎರಡು ಮಾತೂ ಜೊತೆಗಿರಲಿ.