ಅಡಿಕೆಗೆ ತೆರಿಗೆ ಇಲ್ಲ, ಲೆಕ್ಕ ಮಾತ್ರ ಬೇಕು

ಸಂಬಳ, ಪೆನ್ಶನ್ ಇದ್ದವರು ಆದಾಯ ತೆರಿಗೆ ರಿಟರ್ನ್ ಹಾಕಲು ಕೊನೆಯ ದಿನ, ಸರಕಾರ ಮುಂದೂಡದಿದ್ದರೆ, ಜುಲೈ 31. ನಮ್ಮ ಕಾಸರಗೋಡಿನಲ್ಲಿ ಆಗ ಆಟಿಯ ಮಳೆ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮಳೆ ಬಿಟ್ಟ ಅರ್ಧ ದಿನದಲ್ಲಿ ತೋಟಕ್ಕೆ ಎರಡನೇ ಮದ್ದು ಬಿಡಿಸಿ ಮುಗಿಸಬೇಕು. ಆ ಗಡಿಬಿಡಿಯಲ್ಲಿ ಹೋದ ಮಾಗಿಯಲ್ಲಿ ಅಡಿಕೆ ಕೊಟ್ಟ ಬಿಲ್ಲು ಹುಡುಕಲು ಕೂತರೆ ಸಿಕ್ಕುವುದಿಲ್ಲ. ತೆರಿಗೆಯ ಕೆಲಸ ಅಡಿಕೆ ತೂಕವಾದ ದಿನವೇ ಶುರುವಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

“ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ಮತ್ತೆ ಯಾಕೆ ತೋರಿಸುವುದು?” ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಇದೇ ಪ್ರಶ್ನೆ. ಬರೇ ತೋಟ ನಂಬಿ ಬದುಕುವವರ ಮಟ್ಟಿಗೆ ಮಾತು ಸರಿ. ಆದರೆ ನಮ್ಮಲ್ಲಿ ತೋಟದ ಜೊತೆ ಮೇಷ್ಟ್ರ ಪೆನ್ಶನ್ನೋ ಬ್ಯಾಂಕಿನ ಸಂಬಳವೋ ಠೇವಣಿಯ ಬಡ್ಡಿಯೋ ಇರುವ ಮನೆಗಳು ಎಷ್ಟಿಲ್ಲ? ಅವರು ತುಂಬಬೇಕಾದ ಫಾರ್ಮೇ ಬೇರೆ. ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಸಣ್ಣ ಅಂಗಡಿ ಇಟ್ಟುಕೊಂಡು ಐಟಿಆರ್-4 ಹಾಕುವವರಿಗೂ ಅದೇ 5,000ದ ಗಡಿ, ದಾಟಿದರೆ ಐಟಿಆರ್-3.

ತಪ್ಪು ಆಗುವುದು ಇಲ್ಲಿ. ಐಟಿಆರ್-1 ಸುಲಭ ಎಂದು ಅದನ್ನೇ ತೆರೆಯುತ್ತಾರೆ, 5,000ಕ್ಕಿಂತ ಹೆಚ್ಚು ಹಾಕಲು ಅದು ಬಿಡುವುದಿಲ್ಲ, ಸರಿ, 5,000 ಎಂದೇ ಬರೆದು ಮುಗಿಸುತ್ತಾರೆ. ಅದೇ ವರ್ಷ ಖಾತೆಗೆ ಅಡಿಕೆಯ 4 ಲಕ್ಷ ಬಂದಿರುತ್ತದೆ. ನಾಳೆ ಆ ಹಣ ಎಲ್ಲಿಯದು ಎಂದು ಕೇಳಿದರೆ ಅಡಿಕೆಯದ್ದು ಎನ್ನುವ ಹಾಗಿಲ್ಲ, ನಮ್ಮದೇ ರಿಟರ್ನ್ 5,000 ಎನ್ನುತ್ತಿದೆ. ತೆರಿಗೆಯೇ ಇಲ್ಲದ ಹಣವನ್ನು ನಾವೇ ಸಂಶಯದ ಹಣ ಮಾಡಿಕೊಂಡ ಹಾಗಾಯಿತು. ಹಾಗೆ ಬರೆದು ಆಗಿದ್ದರೆ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿ ಸರಿಪಡಿಸಿಕೊಳ್ಳಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಕೃಷಿ ಆದಾಯಕ್ಕೆ ನೇರ ತೆರಿಗೆ ಬೀಳದಿದ್ದರೂ, ಉಳಿದ ಆದಾಯ ವಿನಾಯಿತಿ ಮಿತಿಯನ್ನು ಮೀರಿದವರಿಗೆ ದರ ನಿರ್ಧರಿಸುವಾಗ ಅದನ್ನು ಸೇರಿಸುತ್ತಾರೆ. 2025-26ರ ಹೊಸ ಪದ್ಧತಿಯ ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 15 ಲಕ್ಷ, ಖರ್ಚು ಕಳೆದು ಅಡಿಕೆ 3 ಲಕ್ಷ. ಮೊದಲು ಒಟ್ಟು 18 ಲಕ್ಷಕ್ಕೆ ತೆರಿಗೆ ಹಾಕಿ: 1,60,000. ಆಮೇಲೆ ವಿನಾಯಿತಿಯ 4 ಲಕ್ಷಕ್ಕೆ ಅಡಿಕೆಯ 3 ಲಕ್ಷ ಸೇರಿಸಿ, 7 ಲಕ್ಷಕ್ಕೆ ಹಾಕಿ: 15,000. ಕಳೆದರೆ 1,45,000. ಸಂಬಳ ಮಾತ್ರ ತೋರಿಸಿದ್ದರೆ 1,05,000 ಆಗುತ್ತಿತ್ತು. ವ್ಯತ್ಯಾಸ 40,000, ಮೇಲೆ ಶೇ. 4 ಸೆಸ್. ಇದನ್ನು ಮಾರ್ಚ್‌ಗೆ ಮೊದಲೇ ಅಂದಾಜು ಮಾಡಬೇಕು. ಕಂಪೆನಿಯವರು ಅಡಿಕೆಯ ಲೆಕ್ಕ ಹಿಡಿದು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಡುವ ತೆರಿಗೆ) ಕಡಿಯುವುದಿಲ್ಲ. ಬಾಕಿ 10,000 ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ. ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ. ವ್ಯಾಪಾರದ ಆದಾಯವಿಲ್ಲದ 60 ದಾಟಿದವರಿಗೆ ಮುಂಗಡದ ತಲೆಬಿಸಿ ಇಲ್ಲ. 6 ಲಕ್ಷ ಪೆನ್ಶನ್, 3 ಲಕ್ಷ ಅಡಿಕೆ ಇರುವ ಹಿರಿಯರಿಗೆ ರಿಬೇಟ್ (ತೆರಿಗೆಯಲ್ಲೇ ರಿಯಾಯಿತಿ) ಸಿಕ್ಕಿ ತೆರಿಗೆ ಸೊನ್ನೆಯೇ ಆಗುತ್ತದೆ, ಆದರೂ ಫಾರ್ಮ್ ಐಟಿಆರ್-2ವೇ.

ಈಗ ಕಾಗದದ ವಿಚಾರ. ಅಡಿಕೆಗೆ ಅಂತಲೇ ಒಂದು ಉಳಿತಾಯ ಖಾತೆ ಬೇರೆ ಇಡಿ. ಒಂದು ಉದ್ದ ಪುಸ್ತಕ ಇಡಿ: ತಾರೀಕು, ಹೊಸತೋ ಹಳತೋ ಪಟೋರವೋ (ಒಡೆದ ಅಡಿಕೆ), ಕಿಲೋ, ದರ, ಬಿಲ್ಲಿನ ನಂಬರು. ಎದುರು ಪುಟದಲ್ಲಿ ಖರ್ಚು: ಗೊಬ್ಬರ, ಮದ್ದು, ಕೊಯ್ಲು, ಸುಲಿಯುವ ಕೂಲಿ, ಪಂಪಿನ ಕರೆಂಟು. ಕೂಲಿಗೆ ಅಂಗಡಿಯ ಬಿಲ್ಲು ಬರುವುದಿಲ್ಲ, ಆದ್ದರಿಂದ ಹೆಸರು, ಕೆಲಸ, ದಿನ, ಹಣ ಬರೆದು ಸಹಿ ಹಾಕಿಸಿ. ದರ ಬರಲಿ ಎಂದು ಅಡಿಕೆ ದಾಸ್ತಾನು ಇಡುವ ಮನೆಗಳಲ್ಲಿ ಮಾರ್ಚ್ 31ಕ್ಕೆ ಎಷ್ಟು ಗೋಣಿ ಉಳಿದಿದೆ ಎಂದು ಒಂದು ಸಾಲು ಬರೆದಿಡುವುದು ಬಹಳ ಮುಖ್ಯ. ಎರಡು ವರ್ಷದ ಫಸಲು ಒಂದೇ ವರ್ಷ ಮಾರಿದಾಗ ಹಣ ದುಪ್ಪಟ್ಟಾಗಿ ಕಾಣುತ್ತದೆ, ಅದಕ್ಕೆ ಉತ್ತರ ಆ ಸಾಲಿನಲ್ಲಿದೆ. ಮಹಾಳಿ (ಕೊಳೆರೋಗ) ಬಂದು ನಷ್ಟವಾದ ವರ್ಷವನ್ನೂ ಬಿಡದೆ ತೋರಿಸಿ. ಆ ನಷ್ಟವನ್ನು ಮುಂದಿನ 8 ವರ್ಷದವರೆಗೆ ಕೃಷಿ ಆದಾಯದಿಂದಲೇ ಕಳೆಯಬಹುದು.

ಗೊಬ್ಬರದಂಗಡಿಯ ಯಂತ್ರದಿಂದ ಬರುವ ನುಣುಪು ಬಿಲ್ಲನ್ನು ಗಮನಿಸಿದ್ದೀರಾ? ಮೇ ತಿಂಗಳಲ್ಲಿ ಮೈಲುತುತ್ತು ತಂದಾಗ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಗೋಡೆಯ ಮೊಳೆಗೆ ಚುಚ್ಚಿಟ್ಟರೆ ಮುಂದಿನ ಮಳೆಗಾಲಕ್ಕೆ ಬರೇ ಹಳದಿ ಚೀಟಿ, ಬೆಳಕಿಗೆ ಹಿಡಿದರೂ ಅಂಗಡಿಯ ಹೆಸರು ಓದಲಾಗದು. ಅಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿ ಕಪ್ಪಾದ ಕಾಗದ ಅದು. ತಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ತಿಂಗಳಿಗೊಂದು ಫೋಲ್ಡರಿಗೆ ಹಾಕಿ.

ನಗದು ವ್ಯಾಪಾರದಲ್ಲಿ ಒಂದು ಎಚ್ಚರ. ಒಂದೇ ದಿನ ಒಬ್ಬ ವ್ಯಾಪಾರಿಯಿಂದ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳಬೇಡಿ. ಕೃಷಿಕರಿಗೂ ಈ ನಿಯಮವಿದೆ, ದಂಡ ಬೀಳುವುದು ಹಣ ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ಒಂದೇ ವ್ಯಾಪಾರವನ್ನು ಎರಡು ಬಿಲ್ಲು ಮಾಡಿದರೂ ದಂಡ ತಪ್ಪದು. ವರ್ಷದಲ್ಲಿ ಉಳಿತಾಯ ಖಾತೆಗೆ ಒಟ್ಟು 10 ಲಕ್ಷ ನಗದು ತುಂಬಿದರೆ ಬ್ಯಾಂಕು ಇಲಾಖೆಗೆ ತಿಳಿಸುತ್ತದೆ, ಅದು ನಿಮ್ಮ ಎಐಎಸ್ ಪಟ್ಟಿಯಲ್ಲಿ (ನಿಮ್ಮ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ವರ್ಷದ ಪಟ್ಟಿ) ಕಾಣುತ್ತದೆ. ಆ ಪಟ್ಟಿಯನ್ನು ಜೂನ್‌ನಲ್ಲಿ ಇಳಿಸಿಕೊಂಡು ಪುಸ್ತಕದ ಜೊತೆ ತಾಳೆ ನೋಡಿ. ಅದರಲ್ಲಿ ಇಲ್ಲದ್ದಕ್ಕೆ ತೆರಿಗೆ ಇಲ್ಲ ಎಂದೂ ತಿಳಿಯಬೇಡಿ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಟಿಡಿಎಸ್ ಕಡಿಯದೆ ಕೊಟ್ಟ ಬಡ್ಡಿಯೂ ನಿಮ್ಮ ಆದಾಯವೇ.

ಜಾಗ ಅಮ್ಮನ ಹೆಸರಲ್ಲಿ, ತೀರ್ವೆ (ಭೂಕಂದಾಯ) ರಶೀದಿ ಅಮ್ಮನ ಹೆಸರಲ್ಲಿ, ಅಡಿಕೆ ಬಿಲ್ಲು ಮಾತ್ರ ಮಗನ ಹೆಸರಲ್ಲಿ. ನಮ್ಮ ಕಡೆ ಇದು ಮಾಮೂಲು. ಕೇಳಿದಾಗ ಮಗನ ಕೈಯಲ್ಲಿ ಭೂಮಿಯ ಆಧಾರವೇ ಇರುವುದಿಲ್ಲ. ಅಮ್ಮನ ಹೆಸರಲ್ಲೇ ಬಿಲ್ಲು ಮಾಡಿಸಿ, ಅಮ್ಮನ ಖಾತೆಗೇ ಹಣ ಹಾಕಿಸಿ. ಅಮ್ಮ ಮಗನಿಗೆ ಕೊಟ್ಟರೆ ಮಗನಿಗೆ ತೆರಿಗೆ ಇಲ್ಲ. ಕೃಷಿ ಆದಾಯ 5 ಲಕ್ಷ ದಾಟಿದರೆ ಐಟಿಆರ್-2ರಲ್ಲಿ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಅಲ್ಲವೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು. ರಶೀದಿಯಲ್ಲಿ ಅಳತೆ ಸೆಂಟಿನಲ್ಲೋ ಹೆಕ್ಟೇರಿನಲ್ಲೋ ಇರಬಹುದು. 100 ಸೆಂಟಿಗೆ 1 ಎಕರೆ ಎಂದು ಮೊದಲೇ ಲೆಕ್ಕ ಹಾಕಿಡಿ.

ಹಟ್ಟಿಯ ಹಾಲು ಸೊಸೈಟಿಗೆ ಕೊಟ್ಟು ಬಂದ ಹಣ ಕೃಷಿ ಆದಾಯದಲ್ಲಿ ಸೇರುವುದಿಲ್ಲ. ಬೇರೆಯವರ ಅಡಿಕೆ ಕೊಂಡು ಮಾರಿದ್ದೂ ಸೇರುವುದಿಲ್ಲ, ಅದು ವ್ಯಾಪಾರ. ನರ್ಸರಿಯ ಸಸಿ ಮಾರಿದ್ದು ಸೇರುತ್ತದೆ.

ರಿಫಂಡ್ ಬಾರದೆ ಕಾಯುವವರು ಮೊದಲು ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ನೋಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಪೋರ್ಟಲಿನಲ್ಲಿ ಹಳೆಯ ಕೋಡ್ ಉಳಿದಿದ್ದರೆ ಹಣ ಬಂದು ಬೀಳುವುದಿಲ್ಲ. ಹೆಸರೂ ಅಷ್ಟೇ. ಒಂದು ಕಡೆ ‘ಕೆ. ಕೃಷ್ಣ ಭಟ್’, ಇನ್ನೊಂದು ಕಡೆ ‘ಕೃಷ್ಣ ಭಟ್ಟ ಕೆ.’ ಎಂದಿದ್ದರೆ ಖಾತೆ ದೃಢೀಕರಣ ನಿಲ್ಲುತ್ತದೆ. ಪಾನ್, ಆಧಾರ್, ಪಾಸ್‌ಬುಕ್ ಮೂರರಲ್ಲೂ ಒಂದೇ ಅಕ್ಷರ ಇರುವಂತೆ ಬೇಸಿಗೆಯಲ್ಲೇ ಸರಿ ಮಾಡಿಸಿ.

ಕಡೆಯದಾಗಿ ಇ-ವೆರಿಫಿಕೇಶನ್, ಅಂದರೆ ಹಾಕಿದ ರಿಟರ್ನ್ ನಮ್ಮದೇ ಎಂದು ಆನ್‌ಲೈನಿನಲ್ಲಿ ದೃಢಪಡಿಸುವುದು. ರಿಟರ್ನ್ ಹಾಕಿ 30 ದಿನದೊಳಗೆ ಇದು ಆಗಬೇಕು. ಮನೆಯಲ್ಲಿರುವ ಅಪ್ಪನ ಆಧಾರ್‌ಗೆ ಗಲ್ಫಿನಲ್ಲಿರುವ ಮಗನ ನಂಬರು ಕೊಟ್ಟಿದ್ದರೆ ಒಟಿಪಿ ಅಲ್ಲಿಗೆ ಹೋಗುತ್ತದೆ, ಆ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿದ್ದರೆ ಎಲ್ಲಿಗೂ ಹೋಗುವುದಿಲ್ಲ. ಅಪ್ಪನ ಕೈಯಲ್ಲಿರುವ ನಂಬರನ್ನೇ ಆಧಾರ್‌ಗೆ ಸೇರಿಸಿ. ಒಟಿಪಿಯ ದಾರಿ ಆಗದಿದ್ದರೆ ರಿಟರ್ನಿನ ಸ್ವೀಕೃತಿ ಪತ್ರವಾದ ಐಟಿಆರ್-ವಿ ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಹಾಕಿಸಿ, ಅದೇ 30 ದಿನದೊಳಗೆ ತಲುಪುವ ಹಾಗೆ ಬೆಂಗಳೂರಿನ ಸಿಪಿಸಿಗೆ (ರಿಟರ್ನ್ ಪರಿಶೀಲಿಸುವ ಕೇಂದ್ರ) ಸ್ಪೀಡ್ ಪೋಸ್ಟ್ ಮಾಡಿ. ಪಿನ್ 560500.